ಮೌಸು ತಾನಾಗಿ ಓಡಾಡಿದ ದಿನ

ಈ ಕೆಲಸಕ್ಕೆ ಸೇರುವ ಹುಡುಗರು ಮನೆಗೆ ಬಂದಾಗ ಮೊದಲು ಕೇಳುವುದು, ಯಾವ ಕೋರ್ಸು ಮಾಡಿದರೆ ಒಳ್ಳೆಯದು ಸಾರ್ ಎಂದು. ಯಾವುದಾದರೂ ಮಾಡಿಕೊಳ್ಳಿ. ನಾನು ಮಾಡಿದ್ದು ಬಿ.ಎಸ್ಸಿ., ಅದೂ ಎರಡನೇ ಸಲ ಕಟ್ಟಿ ಪಾಸು. ಮಿಕ್ಕಿದ್ದೆಲ್ಲ ಮೆಷಿನ್ನುಗಳ ಮುಂದೆ ಕೂತು, ಬೈಸಿಕೊಂಡು ಕಲಿತದ್ದು. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಯೂ ಶಾಲೆ ಕಾಲೇಜು ನಡೆಸುತ್ತಿದ್ದ ಒಂದು ವಿದ್ಯಾಸಂಸ್ಥೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬಡ್ತಿಯ ವಿಷಯವನ್ನೂ ಬರೆಯುವುದಿಲ್ಲ, ಸಿಕ್ಕಿದ್ದರೆ ತಾನೇ ಬರೆಯುವುದು.

ನಾನು ಹುಟ್ಟಾ ಅನುಮಾನದ ಮನುಷ್ಯ. ಈ ಕೆಲಸ ಅದಕ್ಕೆ ಗೊಬ್ಬರ ಹಾಕಿತು ಅಷ್ಟೆ. ನನ್ನ ಹೆಂಡತಿ ಸಾವಿತ್ರಿ ಈಗಲೂ ಆಡಿಕೊಳ್ಳುತ್ತಾಳೆ. "ಸಾರಿಗೆ ಉಪ್ಪು ಒಂಚೂರು ಜಾಸ್ತಿ ಆದ್ರೆ, ಹೊರಗ್ನೋರ್ ಯಾರೋ ಬಂದು ಹಾಕ್ಬುಟ್ಟು ಓಗವ್ರೆ ಅನ್ನಂಗೆ ಅಡುಗೆಮನೆ ಕಿಟಕಿ ನೋಡ್ತೀರಲ್ರೀ!" ಎನ್ನುತ್ತಾಳೆ. ಅನುಮಾನ ಇಲ್ಲದವನು ಈ ಕೆಲಸಕ್ಕೆ ಬರಬಾರದು, ನಿಜ. ಆದರೆ ಅನುಮಾನ ಯಾವ ಕಡೆಗೆ ತಿರುಗುವುದಿಲ್ಲವೋ ಆ ಕಡೆಯಿಂದಲೇ ಏಟು ಬೀಳುತ್ತದೆ. ಆ ಒಂದು ವಿಷಯ ಹೇಳಲಿಕ್ಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಈ ಯಂತ್ರಗಳಿಗೆ ದೊಡ್ಡ ಶತ್ರು ಇರುವೆ. ಹನೂರಿನಲ್ಲಿ ಒಂದು ಸಲ ಕಂಪ್ಯೂಟರಿನ ಡಬ್ಬ ಬಿಚ್ಚಿದರೆ ಒಳಗೆ ಮೊಟ್ಟೆ ಮರಿ ಸಮೇತ ಸಂಸಾರ ಹೂಡಿದ್ದವು. ಆಮೇಲೆ ವೈರಸ್ಸು ಬಂತು, ಪೆನ್ ಡ್ರೈವಿನಲ್ಲಿ. ಅದು ಯಾರ ಜೇಬಿನಿಂದ ಬಂತೆಂದು ಗೊತ್ತಾಗುತ್ತಿತ್ತು. ಕರೆದು ನಾಲ್ಕು ಬೈದರೆ ಮುಗಿಯಿತು. ಇಂಟರ್ನೆಟ್ಟು ಬಂದ ಮೇಲೆ ಆ ಸುಖ ಹೋಯಿತು. ಕಳ್ಳ ಯಾವ ದೇಶದಲ್ಲಿ ಕೂತಿದ್ದಾನೆ, ಯಾವ ಭಾಷೆಯವನು, ಒಬ್ಬನೋ ಹತ್ತು ಜನವೋ ಏನೂ ತಿಳಿಯದು. ಅವನು ಮುಟ್ಟಿದ ಜಾಗ ಮಾತ್ರ ಕಾಣುತ್ತದೆ.

ಒಂದು ವಿಷಯ ತಿಳಿದುಕೊಳ್ಳಿ. ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರು ಕೇಳುವ ಜಾತಿ. ಆ ಪುಟ ಕೊಡಿ, ಈ ಫಾರಂ ಕೊಡಿ ಎಂದು ಹೊರಗೆ ಕೇಳುತ್ತದೆ. ಕೇಳಿದವರಿಗೆ ಪುಟ ಕೊಡುವ ಯಂತ್ರ ಬೇರೆ, ಅದಕ್ಕೆ ವೆಬ್ ಸರ್ವರ್ ಎನ್ನುತ್ತಾರೆ. ಅಡ್ಮಿಷನ್ ಗುಮಾಸ್ತೆಯ ಕಂಪ್ಯೂಟರು ಇದ್ದಕ್ಕಿದ್ದಂತೆ ಹೊರಗಿನವರಿಗೆ ಪುಟ ಕೊಡಲು ಕೂತರೆ, ನಿಮ್ಮ ಜಗಲಿಯ ಮೇಲೆ ನಿಮ್ಮನ್ನು ಕೇಳದೆ ಯಾರೋ ಅಂಗಡಿ ಇಟ್ಟಿದ್ದಾರೆ ಎಂದೇ ತಿಳಿಯಬೇಕು. ಯಾವ ಬಾಗಿಲು ತೆರೆದು ಯಾವ ಪ್ರೋಗ್ರಾಂ ಕಿವಿಗೊಟ್ಟು ಕೂತಿದೆ ಎಂದು ತೋರಿಸುವ ಒಂದು ಆದೇಶ ಪ್ರತಿ ಕಂಪ್ಯೂಟರಿನಲ್ಲೂ ಇರುತ್ತದೆ. ಅದನ್ನು ಕೊಟ್ಟು ಬಂದ ಪಟ್ಟಿಯನ್ನು ಸಾಲು ಸಾಲಾಗಿ ಓದುವುದೇ ಈ ಕೆಲಸದ ಮುಕ್ಕಾಲು ಪಾಲು. ಬೇಸರದ ಕೆಲಸ. ಬೇಸರ ಪಟ್ಟವನಿಗೆ ಕಳ್ಳ ಸಿಗುವುದಿಲ್ಲ.

ಇದನ್ನು ಹೊಸದಾಗಿ ಕಲಿತ ಉತ್ಸಾಹದಲ್ಲಿ ಯಳಂದೂರಿನಲ್ಲಿ ಮಾನ ಕಳೆದುಕೊಂಡೆ. ಅಲ್ಲಿಯ ಗುಮಾಸ್ತ ರಂಗಸ್ವಾಮಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನವನು, ನಗೆಗಾರ. ಒಂದು ದಿನ ಕಚೇರಿಯ ಜಾಲವನ್ನೆಲ್ಲ ಜಾಲಾಡುವಾಗ ಒಂದು ವಿಳಾಸದಲ್ಲಿ ವೆಬ್ ಸರ್ವರ್ ನಡೆಯುತ್ತಿರುವುದು ಕಂಡಿತು. "ಯಾರೂ ಏನೂ ಮುಟ್ಟಬೇಡಿ!" ಎಂದು ಕೂಗಿ ಎಲ್ಲರನ್ನೂ ಹೊರಗೆ ಹಾಕಿದೆ. ವೈರುಗಳನ್ನು ಕಿತ್ತೆ. ಕಾರ್ಯದರ್ಶಿ ಗುರುಮಲ್ಲಪ್ಪನವರಿಗೆ ಫೋನು ಮಾಡಿ, ಕಳ್ಳ ಒಳಗೇ ಇದ್ದಾನೆ, ಕೂಡಲೇ ಬನ್ನಿ ಎಂದೆ. ಅವರು ಊಟ ಬಿಟ್ಟು ಕೊಳ್ಳೇಗಾಲದಿಂದ ಓಡಿ ಬಂದರು. ಅವರ ಎದುರಿಗೇ ವೈರು ಮತ್ತೆ ಸಿಕ್ಕಿಸಿ ಆ ವಿಳಾಸ ತೆರೆದು ತೋರಿಸಿದೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ ರಂಗಸ್ವಾಮಿ ಮೆಲ್ಲಗೆ ಹೇಳಿದ:

"ಕಳ್ಳ ಸಿಕ್ದ ಕಣ್ ಸಾ. ಟೋನರ್ ಖಾಲಿ ಆಗದೆ ಅಂತ ಅವ್ನೇ ಬರ್ಕಂಡವ್ನೆ ನೋಡಿ."

ಅದು ಹಿಂದಿನ ವಾರ ಬಂದಿದ್ದ ಹೊಸ ಪ್ರಿಂಟರು. ತನ್ನ ಯೋಗಕ್ಷೇಮ ತೋರಿಸಲು ಪ್ರಿಂಟರಿನೊಳಗೇ ಒಂದು ಪುಟ್ಟ ವೆಬ್ ಸರ್ವರ್ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದೆ. ಗುರುಮಲ್ಲಪ್ಪನವರು ಪ್ರಿಂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಾರು ಹತ್ತಿದರು, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಮಾರನೆಯ ದಿನವೇ ಒಂದು ಉದ್ದನೆಯ ನೋಟ್‌ಬುಕ್ ತಂದು ಮೂರೂ ಊರಿನ ಪ್ರತಿ ಯಂತ್ರದ ಹೆಸರು, ಅದರಲ್ಲಿ ಯಾವ ಬಾಗಿಲು ತೆರೆದಿರಬೇಕು, ಯಾವುದು ಇರಬಾರದು ಎಂದು ಬರೆದಿಟ್ಟೆ. ಏನಿರಬೇಕೆಂದು ಗೊತ್ತಿಲ್ಲದವನಿಗೆ ಏನಿರಬಾರದೆಂದು ಗೊತ್ತಾಗುವುದು ಹೇಗೆ?

ಆ ನೋಟ್‌ಬುಕ್ಕಿನಲ್ಲಿ ಒಂದು ಬಾಗಿಲನ್ನು ಮಾತ್ರ ನಾನು ಬರೆದಿರಲಿಲ್ಲ. ಲಾಕ್‌ಡೌನ್ ಸಮಯದಲ್ಲಿ ಬಸ್ಸು ನಿಂತಾಗ, ಕೊಳ್ಳೇಗಾಲದ ಮನೆಯಿಂದಲೇ ಹನೂರು, ಯಳಂದೂರಿನ ಕಂಪ್ಯೂಟರುಗಳ ಒಳಗೆ ಹೋಗಿ ರಿಪೇರಿ ಮಾಡುವ ಒಂದು ತಂತ್ರಾಂಶವನ್ನು ಹಾಕಿದ್ದೆ. ನಾನು ಇಲ್ಲಿ ಮೌಸು ಆಡಿಸಿದರೆ ಅಲ್ಲಿಯ ಪರದೆಯ ಮೇಲೆ ಬಾಣ ಓಡಾಡುತ್ತದೆ. ಲಾಕ್‌ಡೌನ್ ಹೋಯಿತು, ಅದು ಉಳಿಯಿತು. ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದು ಯಾರಿಗೆ ಬೇಕಾಗಿತ್ತು? ಪಾಸ್‌ವರ್ಡ್ ಎಲ್ಲ ಕಡೆಯೂ ಒಂದೇ. ಆಯುಧಪೂಜೆಯ ದಿನ ಯಂತ್ರಗಳನ್ನು ಒರೆಸಿ, ವಿಭೂತಿ ಕುಂಕುಮ ಇಟ್ಟು, ಮೊದಲ ಅಕ್ಷರ ದೇವರ ಹೆಸರೇ ಆಗಲಿ ಎಂದು ನಾನೇ ಎಲ್ಲದಕ್ಕೂ ಮಾದಪ್ಪನ ಹೆಸರು ಹಾಕುತ್ತಿದ್ದೆ. ಕೊನೆಗೆ ಒಂದು ಎರಡು ಮೂರು. ಇಂಟರ್ನೆಟ್ಟನ್ನು ಒಳಗೆ ತರುವ ರೂಟರಿಗೂ ಅದೇ. ನಮ್ಮ ಕಡೆ ಆ ದೇವರ ಹೆಸರಿನವನು ಮನೆಗೊಬ್ಬನಿರುತ್ತಾನೆ, ಹೊರಗಿನವನು ಊಹಿಸಲು ಹೊರಟರೆ ಮೊದಲು ಹೊಡೆಯುವ ಹೆಸರೇ ಅದು ಎಂದು ನನಗೆ ಹೊಳೆಯಲಿಲ್ಲ. ಭಕ್ತಿ ಎಂದುಕೊಂಡಿದ್ದೆ. ಸೋಮಾರಿತನ ಅದು.

ಈಗ ನೀಲಮ್ಮನ ವಿಷಯಕ್ಕೆ ಬರುತ್ತೇನೆ. ನೀಲಮ್ಮ ಹನೂರು ಶಾಖೆಯ ಅಡ್ಮಿಷನ್ ಗುಮಾಸ್ತೆ. ಊರು ಶಾಗ್ಯ. ದಿನಾ ಬಸ್ಸಿಗೆ ಬರುತ್ತಿದ್ದಳು. ಏಳು ವರ್ಷದಿಂದ ಗುತ್ತಿಗೆ ಕೆಲಸ, ಆ ವರ್ಷ ಕಾಯಂ ಮಾಡುತ್ತೇವೆಂದು ಸಂಸ್ಥೆ ಮಾತು ಕೊಟ್ಟಿತ್ತು. ಆಕೆಯ ಮನೆಯಲ್ಲಿ ಓದಿ ಕುರ್ಚಿಯ ಮೇಲೆ ಕೂತವಳು ಆಕೆಯೊಬ್ಬಳೇ. ಒಂದು ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದರೂ ತಂದೆತಾಯಿಯನ್ನು ಕರೆದು ಕೇಳಿ ತಿದ್ದುವ ಹೆಣ್ಣುಮಗಳು.

ಒಂದು ಮಧ್ಯಾಹ್ನ ನಾನು ಹನೂರಿಗೆ ಹೋಗಿದ್ದಾಗ ಆಕೆ, "ಇಂಟರ್ನೆಟ್ಟು ಎಮ್ಮೆ ಅಂಗೆ ಮಲಗ್ಬುಟ್ಟದೆ ಸಾ, ಒಂದ್ ಫಾರಂ ತೆಗೆಯೋ ಒತ್ಗೆ ಮಕ್ಳು ಬಾಗ್ಲಲ್ಲೇ ನಿದ್ದೆ ಮಾಡ್ತವೆ" ಎಂದಳು. ಊಟದ ಹೊತ್ತು, ಎಲ್ಲರೂ ಎದ್ದು ಹೋಗಿದ್ದರು. ಯಾರೂ ಏನೂ ಬಳಸುತ್ತಿಲ್ಲ, ಆದರೂ ರೂಟರಿನ ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಬುತ್ತಿ ಬಿಚ್ಚಲಿಲ್ಲ. ಆದೇಶ ಕೊಟ್ಟು ಪಟ್ಟಿ ಓದಿದೆ. ನೀಲಮ್ಮನ ಕಂಪ್ಯೂಟರಿನಲ್ಲಿ ನೋಟ್‌ಬುಕ್ಕಿನಲ್ಲಿಲ್ಲದ, ನಾನು ಹಾಕಿರದ ಬಾಗಿಲೊಂದು ತೆರೆದಿತ್ತು. ಅದರ ಹಿಂದೆ ಕೂತಿದ್ದ ಪ್ರೋಗ್ರಾಮಿನ ಹೆಸರು ವಿಂಡೋಸಿನದೇ ಭಾಗ ಎನ್ನುವಂತಿತ್ತು, ಆದರೆ ಇರಬೇಕಾದ ಫೋಲ್ಡರಿನಲ್ಲಿರಲಿಲ್ಲ. ಮೇಷ್ಟರ ಹೆಸರಿಟ್ಟುಕೊಂಡವನು ಮೇಷ್ಟರ ಮನೆಯಲ್ಲಿ ಸಿಗಬೇಕಲ್ಲ, ಇವನು ಹಿತ್ತಿಲಲ್ಲಿ ಸಿಕ್ಕಿದ. ನನ್ನ ಮೊಬೈಲಿನಿಂದ, ಕಚೇರಿಯ ಜಾಲಕ್ಕೆ ಸೇರದೆ, ಹೊರಗಿನವರಂತೆ ಆ ಬಾಗಿಲಿನ ವಿಳಾಸ ಹೊಡೆದು ತೆರೆದೆ. ವಿದ್ಯಾರ್ಥಿವೇತನದ ಅರ್ಜಿಯ ಪುಟ ಬಂತು. ಬಣ್ಣ, ಲಾಂಛನ, ಕನ್ನಡ ಎಲ್ಲ ಅಸಲಿಯಂತೆಯೇ. ಹೆಸರು, ಮೊಬೈಲ್ ನಂಬರು, ಪಾಸ್‌ವರ್ಡ್ ಕೇಳುತ್ತಿತ್ತು. ಯಾವ ಯಾವ ಊರಿನ ಮಕ್ಕಳೋ ಅದರಲ್ಲಿ ತುಂಬಿದ್ದೆಲ್ಲ ನೀಲಮ್ಮನ ಕಂಪ್ಯೂಟರಿನ ಒಂದು ಕಡತಕ್ಕೆ ಬಂದು ಬೀಳುತ್ತಿತ್ತು.

ಇದು ಪ್ರಿಂಟರಲ್ಲ. ನನಗೆ ಹೆದರಿಕೆಯೂ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷವೂ ಆಯಿತು. ಕೊನೆಗೂ ನಿಜವಾದ ಕಳ್ಳನೊಬ್ಬ ಸಿಕ್ಕಿದ್ದ.

ವೈರು ಕಿತ್ತು, ಎಲ್ಲದರ ನಕಲು ತೆಗೆದುಕೊಂಡು ನೋಡಿದೆ. ಆ ಪ್ರೋಗ್ರಾಂ ಒಳಗೆ ಬಂದದ್ದು ಹದಿನೈದು ದಿನದ ಹಿಂದಿನ ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ. ಲಾಗಿನ್ ನೀಲಮ್ಮನದು. ಹಾಜರಿ ಪುಸ್ತಕದಲ್ಲಿ ಸಹಿ ಇತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೇನು ಬೇಕು? ನಾನು ವರದಿ ಬರೆದೆ, ಅಡಿಗೆರೆ ಎಳೆದು ಬರೆದೆ: ಈ ಕೃತ್ಯ ನೀಲಮ್ಮನವರ ಲಾಗಿನ್‌ನಿಂದ, ಅವರು ಹಾಜರಿದ್ದಾಗಲೇ ನಡೆದಿದೆ.

ಗುರುಮಲ್ಲಪ್ಪನವರು ಹನೂರಿನ ಸ್ಟಾಫ್ ರೂಮಿನಲ್ಲಿ ಹತ್ತು ಜನರ ಮುಂದೆ ವಿಚಾರಣೆ ಇಟ್ಟರು. ನೀಲಮ್ಮ ಸೆರಗು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಕೂರಮ್ಮ ಎಂದು ಯಾರೂ ಹೇಳಲಿಲ್ಲ.

"ಆ ಗುರುವಾರ ಏನ್ ಮಾಡ್ದೆ, ಹೇಳು," ಎಂದರು ಕಾರ್ಯದರ್ಶಿಗಳು.

"ನಾನೇನೂ ಮಾಡ್ನಿಲ್ಲ ಸಾ. ಅವತ್ತು ಇವ್ರೇ ಬಂದಿದ್ರು," ಎಂದು ನನ್ನ ಕಡೆ ತೋರಿಸಿದಳು. "ಮೌಸು ತಾನಾಗೇ ಓಡಾಡ್ತು. ಸಾ ಬಂದ್ರು ಅಂದ್ಕಂಡು ಕುರ್ಚಿ ಬುಟ್ಟು ಎದ್ದು ನಿಂತ್ಕಂಡೆ. ಯಾವಾಗ್ಲೂ ಅಂಗೇ ತಾನೆ ನಾವು?"

ನನಗೆ ಮೈಯೆಲ್ಲ ಉರಿದು ಹೋಯಿತು. ಆ ಗುರುವಾರ ನಾನು ರಾಮಾಪುರದಲ್ಲಿ ನೆಂಟರ ಮನೆಯ ತಿಥಿಯಲ್ಲಿದ್ದೆ. ಕಂಪ್ಯೂಟರಿರಲಿ, ಮೊಬೈಲನ್ನೂ ಮುಟ್ಟಿರಲಿಲ್ಲ. "ನನ್ನ ತಲೆಗೇ ಕಟ್ತಿದೀಯೇನಮ್ಮ?" ಎಂದು ಅರಚಿದೆ. "ಊಟ ಬಡಿಸಿದೋರು ಇಪ್ಪತ್ತು ಜನ ಅವ್ರೆ ಸಾಕ್ಷಿಗೆ. ಇಷ್ಟು ಸುಳ್ಳು ಹೇಳೋಳು ಇನ್ನೇನ್ ತಾನೇ ಮಾಡಲ್ಲ!"

"ಸುಳ್ಳಲ್ಲ ಸಾ. ಮಾದಪ್ಪನಾಣೆ," ಎಂದಳು. ಅಳಲಿಲ್ಲ. ಯಾಕೆ ಅಳುತ್ತಿಲ್ಲ ಎಂದು ಅದಕ್ಕೂ ಅನುಮಾನಪಟ್ಟೆ.

ನೋಡಿ, ನಾನು ಅವತ್ತು ಒಳಗೆ ಹೋಗಿಲ್ಲವೆಂದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಖಚಿತವಾಗಿ ಗೊತ್ತಿತ್ತು. ಹಾಗಾದರೆ ಮೌಸು ಆಡಿಸಿದವನು ಯಾರು ಎಂದು ಕೇಳಬೇಕಾದವನೂ ನಾನೊಬ್ಬನೇ. ಕೇಳಲಿಲ್ಲ. ಸುಳ್ಳಿ ಎಂದೆ, ಹತ್ತು ಜನರ ಮುಂದೆ. ನೀಲಮ್ಮನನ್ನು ಅವತ್ತೇ ಕೆಲಸದಿಂದ ನಿಲ್ಲಿಸಿದರು. ಪರೀಕ್ಷೆ ಮುಗಿಯಲಿ, ಆಮೇಲೆ ಹೆಸರು ಹಾಕಿ ಪೊಲೀಸಿಗೆ ದೂರು ಕೊಡೋಣ ಎಂದು ತೀರ್ಮಾನವಾಯಿತು. ಇನ್ನು ಮೂರು ವಾರವಿತ್ತು. ಅಷ್ಟರೊಳಗೆ ಶಾಗ್ಯದವರೆಗೂ ಸುದ್ದಿ ಹೋಗಿತ್ತು. ಬಸ್ಸಿನಲ್ಲಿ ಕಂಡಕ್ಟರೇ ನನ್ನನ್ನು ಕೇಳಿದ, "ಆಯಮ್ಮ ಕಂಪ್ಯೂಟರ್‍ನಾಗೆ ಕಳ್ತನ ಮಾಡ್ತಂತಲ್ಲ ಸಾ?" ಎಂದು. ನಾನು ಹೂಂ ಎಂದೆ.

ಎರಡು ವಾರ ಕಳೆಯಿತು. ಯಳಂದೂರಿಗೆ ಹೋದೆ. ರೂಢಿಯಂತೆ ಪಟ್ಟಿ ತೆಗೆದೆ. ರಂಗಸ್ವಾಮಿಯ ಕಂಪ್ಯೂಟರಿನಲ್ಲಿ ಅದೇ ಬಾಗಿಲು, ಅದೇ ಕಳ್ಳ ಹೆಸರು, ಅದೇ ಪುಟ, ಒಳಗೆ ಬಂದದ್ದು ಹಿಂದಿನ ಮಂಗಳವಾರ. ನೀಲಮ್ಮ ಶಾಗ್ಯದ ಮನೆಯಲ್ಲಿ ಕೂತಿದ್ದಾಳೆ, ಇದು ಇಲ್ಲಿ ನಡೆಯುತ್ತಿದೆ. ನನ್ನ ಮೊದಲ ಯೋಚನೆ ಏನು ಗೊತ್ತೆ? ಇವನೂ ಅವಳೂ ಒಂದಾಗಿದ್ದಾರೆ ಎಂದು. ನನ್ನ ಬುದ್ಧಿಗೆ ಬೆಂಕಿ ಹಾಕ!

"ಏನಪ್ಪ ರಂಗಸ್ವಾಮಿ, ಮೊನ್ನೆ ಮಂಗಳವಾರ ಇದರಲ್ಲಿ ಏನು ಮಾಡಿದೆ?" ಎಂದೆ.

"ಮಂಗ್ಳವಾರನಾ? ನಾನೆಲ್ಲಿ ಮಾಡ್ದೆ ಸಾ, ನೀವೇ ಮಾಡ್ತಿದ್ರಲ್ಲ," ಎಂದು ನಕ್ಕ. "ಮೌಸು ಜೋರಾಗಿ ಓಡಾಡ್ತಿತ್ತು. ಸಾ ಇವತ್ತು ಬಲೇ ಸ್ಪೀಡಾಗವ್ರೆ ಅಂದ್ಕಂಡು ಟೀಗೆ ಓಗ್ಬುಟ್ಟೆ. ನೀವು ಬಂದಾಗ ನಾವ್ ಕೂತಿದ್ರೆ ಚೆಂದಾಗಿರ್ತದಾ?"

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನ ಮಾತಿಗೂ ನೀಲಮ್ಮನ ಮಾತಿಗೂ ಎರಡಕ್ಷರದ ವ್ಯತ್ಯಾಸವಿರಲಿಲ್ಲ. ನನ್ನ ಆ ದೂರದ ತಂತ್ರಾಂಶವನ್ನು ತೆರೆದು, ಯಾರು ಯಾವಾಗ ಒಳಗೆ ಬಂದರು ಎಂದು ಅದು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಕಡತವನ್ನು ಮೊದಲ ಸಲ ನೋಡಿದೆ. ಮಂಗಳವಾರ ಒಬ್ಬ ಹೊರಗಿನವನು. ನಕಲು ತೆಗೆದಿಟ್ಟಿದ್ದ ಹನೂರಿನ ಕಡತದಲ್ಲೂ ಆ ಗುರುವಾರ ಹನ್ನೊಂದೂವರೆಗೆ ಅದೇ ಹೊರಗಿನವನು. ನಾನು ಹಾಕಿದ ಬಾಗಿಲು, ನಾನು ಇಟ್ಟ ದೇವರ ಹೆಸರಿನ ಬೀಗ. ಆಗಲೇ ತೆರೆದುಕೊಂಡಿದ್ದ ನೀಲಮ್ಮನ ಲಾಗಿನ್ ಒಳಗೇ ಅವನು ಎಲ್ಲ ಮಾಡಿದ್ದ, ಅದಕ್ಕೇ ಆಕೆಯ ಹೆಸರು ಬಿದ್ದಿತ್ತು. ನಾನು ಬಂದೆನೆಂದು ಮರ್ಯಾದೆಗೆ ಎದ್ದು ನಿಂತ ಆ ಹೆಣ್ಣುಮಗಳ ಮುಂದೆಯೇ ಕಳ್ಳ ನನ್ನ ವೇಷದಲ್ಲಿ ಕೂತು ಕೆಲಸ ಮುಗಿಸಿದ್ದ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದನಂತೆ, ಆ ಗಾದೆ ನನಗೇ ಮಾಡಿದ್ದು.

ಎಲ್ಲ ಕಡೆಯೂ ಆ ಬಾಗಿಲು ಮುಚ್ಚಿದೆ. ಕಡತದಲ್ಲಿ ಸಿಕ್ಕ ಮಕ್ಕಳ ನಂಬರುಗಳಿಗೆಲ್ಲ ಕೂತು ಫೋನು ಮಾಡಿ ಪಾಸ್‌ವರ್ಡ್ ಬದಲಾಯಿಸಿ ಎಂದೆ. ಆಮೇಲೆ ಗುರುಮಲ್ಲಪ್ಪನವರ ಮುಂದೆ ಹೋಗಿ ನಿಂತೆ. ಪೂರ್ತಿ ಕೇಳಿಸಿಕೊಂಡರು. ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದರು.

"ಸುಮ್ನಿರ್ರಿ ನಂಜುಂಡಸ್ವಾಮಿ. ನಿಮ್ಗೆ ಇನ್ನ ಮೂರು ತಿಂಗ್ಳು ಸರ್ವೀಸ್ ಅದೆ. ಹೊರಗಿನ ಅಪರಿಚಿತರು ಮಾಡವ್ರೆ ಅಂತ ಒಂದು ಸಾಲು ಬರ್ದುಬುಡಿ. ಪೊಲೀಸ್ಗೆ ಆ ಹೆಣ್ಮಗಳ ಹೆಸ್ರು ಕೊಡದು ಬ್ಯಾಡ. ಆಯಮ್ಮಂಗೆ ಕೆಲ್ಸನೂ ವಾಪಸ್ ಬ್ಯಾಡ, ಬೇರೆ ಕಡೆ ಎಲ್ಲಾರ ನೋಡ್ಕಳ್ಳಿ. ನಿಮ್ಮ ಮರ್ಯಾದೆನೂ ಉಳೀತದೆ, ಸಂಸ್ಥೆದೂ ಉಳೀತದೆ."

ನಾನು ತಕ್ಷಣ ಆಗುವುದಿಲ್ಲ ಎಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಒಂದು ಸಾಲನ್ನು ಬರೆದೆ. ಎರಡು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬೀಳ್ಕೊಡುಗೆಯ ಹಾರ, ಶಾಲು, ಭಾಷಣ ಎಲ್ಲ ಕಣ್ಣಿಗೆ ಬರುತ್ತಿತ್ತು. ಮೂರನೇ ದಿನ ಸಾವಿತ್ರಿ ಅಂಗಿ ಒಗೆಯಲು ತೆಗೆದುಕೊಂಡವಳು ಜೇಬಿನ ಕಾಗದ ಬಿಡಿಸಿ ಓದಿದಳು. ನಾನು ಆಕೆಗೆ ಎಲ್ಲ ಹೇಳಿದ್ದೆ.

"ಇದ್ರಲ್ಲಿ ನಿಮ್ ಹೆಸ್ರೇ ಇಲ್ವಲ್ರೀ?" ಎಂದಳು.

"ಇಲ್ಲ," ಎಂದೆ.

"ಆ ಎಣ್ಣಿನ ಹೆಸ್ರನ್ನ ಮಾತ್ರ ಅಡಿಗೆರೆ ಎಳ್ದು ಬರ್ದಿದ್ರಿ," ಎಂದು ಕಾಗದವನ್ನು ನನ್ನ ಮುಂದೆ ಇಟ್ಟು, ಬಕೆಟ್ಟು ಎತ್ತಿಕೊಂಡು ಹೋದಳು.

ಹರಿದೆ. ಬೇರೆ ಬರೆದೆ. ತಂತ್ರಾಂಶ ಹಾಕಿದವನು ನಾನು, ಪಾಸ್‌ವರ್ಡ್ ಇಟ್ಟವನು ನಾನು, ಪರೀಕ್ಷಿಸದೆ ಇನ್ನೊಬ್ಬರ ಮೇಲೆ ಹೊರಿಸಿದವನೂ ನಾನು, ನೀಲಮ್ಮನವರದು ಎಳ್ಳಷ್ಟೂ ತಪ್ಪಿಲ್ಲ ಎಂದು ಬರೆದು ಆಡಳಿತ ಮಂಡಳಿಯ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟೆ. ಒಬ್ಬರಿಗೇ ಕೊಟ್ಟಿದ್ದರೆ ಮೇಜಿನ ಡ್ರಾಯರಿಗೆ ಹೋಗುತ್ತಿತ್ತು, ಅಷ್ಟು ಅನುಮಾನ ಉಪಯೋಗಕ್ಕೆ ಬಂತು. ನನಗೆ ಮೆಮೊ ಬಂತು. ನೀಲಮ್ಮನಿಗೆ ಕೆಲಸಕ್ಕೆ ಮರಳಲು ಪತ್ರ ಬಂತು. ಅದನ್ನು ನಾನೇ ತೆಗೆದುಕೊಂಡು ಶಾಗ್ಯಕ್ಕೆ ಹೋದೆ.

ಆಕೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏಳಲಿಲ್ಲ. ಆಕೆಯ ಅತ್ತೆ ಚಾಪೆ ಹಾಕಿ ನೀರು ಕೊಟ್ಟರು. ನಾನು ನಡೆದದ್ದೆಲ್ಲ ಹೇಳಿ, ತಪ್ಪಾಯ್ತು ಕಣಮ್ಮ ಎಂದು ಪತ್ರ ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ.

"ಇಲ್ಲಿ ನಮ್ಮತ್ತೆ ಮುಂದೆ ಹೇಳಿದ್ರೆ ಆಗ್ತದಾ ಸಾ? ಸುಳ್ಳಿ ಅಂತ ಎಲ್ಲಾರ ಮುಂದೆ ಅಂದ್ರಿ. ಇದ್ನೂ ಎಲ್ಲಾರ ಮುಂದೆ ಅನ್ನಿ. ಆಮೇಕೆ ಬತ್ತೀನಿ."

ಸೋಮವಾರ ಅದೇ ಸ್ಟಾಫ್ ರೂಮಿನಲ್ಲಿ, ಅದೇ ಹತ್ತು ಜನರ ಮುಂದೆ ನಿಂತು ಓದಿದೆ. ನೀಲಮ್ಮ ಬಾಗಿಲ ಬಳಿ ನಿಂತು ಕೊನೆಯವರೆಗೂ ಕೇಳಿಸಿಕೊಂಡು, ಸೀದಾ ತನ್ನ ಕೋಣೆಗೆ ಹೋಗಿ ಕೂತಳು. ನಾನು ಹಿಂದೆಯೇ ಹೋದೆ. ಅಡ್ಮಿಷನ್ನಿಗೆ ಬಂದವರು ಹೊರಗೆ ಸಾಲು ನಿಂತಿದ್ದರು.

"ಅವ್ನು ಯಾರು ಅಂತ ಗೊತ್ತಾಯ್ತಾ ಸಾ?" ಎಂದು ಕೇಳಿದಳು.

"ಇಲ್ಲಮ್ಮ. ಗೊತ್ತಾಗೋದೂ ಇಲ್ಲ."

"ಅಂಗಾರೆ ನಾನು ಮಾಡ್ನಿಲ್ಲ ಅಂತ ನಿಮ್ಗೆ ನಿಜವಾಗ್ಲೂ ನಂಬ್ಕೆ ಅದಾ?"

ಇದನ್ನು ನಾನು ಬಚ್ಚಿಟ್ಟರೆ ಇಷ್ಟು ಬರೆದದ್ದೂ ದಂಡ. ಆಕೆ ಕೇಳಿದ ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಒಂದು ಹುಳ ಮಿಸುಕಿತು. ಪಾಸ್‌ವರ್ಡನ್ನು ಆ ಹೊರಗಿನವನಿಗೆ ಈಕೆಯೇ ಹೇಳಿದ್ದರೆ? ಒಂದೇ ಗಳಿಗೆ. ಮರುಗಳಿಗೆಯಲ್ಲೇ, "ಪೂರ್ತಿ ನಂಬಿಕೆ ಇದೆ ಕಣಮ್ಮ," ಎಂದೆ, ಬೇಕಾದ್ದಕ್ಕಿಂತ ಜೋರಾಗಿಯೇ ಎಂದೆ. ಆದರೆ ನೀಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬುಡಿ ಸಾ, ಗೊತ್ತಾಯ್ತು," ಎಂದಳು. ಕಿಟಕಿಯ ಕಡೆ ತಿರುಗಿ ಸಾಲಿನಲ್ಲಿದ್ದ ಮೊದಲನೆಯವರನ್ನು ಕರೆದಳು.